ಇತಾಯಿ-ಇತಾಯಿ: ಕಿಡ್ನಿಯ ಅಳಲು ಕೇಳಲು ಹಿಡಿದ ಕಾಲ

ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ಜಪಾನಿನ ತೊಯಾಮಾ ಪ್ರಾಂತದಲ್ಲಿ, ಜಿಂಜು ಹೊಳೆಯ ದಂಡೆಯ ರೈತ ಹೆಂಗಸರು ಯಾರಾದರೂ ಮೈ ಮುಟ್ಟಿದರೆ ಸಾಕು, ‘ಇತಾಯಿ, ಇತಾಯಿ’ ಎಂದು ಚೀರುತ್ತಿದ್ದರು. ‘ಅಯ್ಯೋ, ನೋವು’ ಎಂದರ್ಥ. ರೋಗಕ್ಕೂ ಅದೇ ಹೆಸರಾಯಿತು.

ಯುದ್ಧದಿಂದ 1946ರಲ್ಲಿ ಊರಿಗೆ ಮರಳಿದ ವೈದ್ಯ ನೊಬೊರು ಹಗಿನೊ ರೋಗಿಗಳ ಮನೆಗಳನ್ನು ನಕಾಶೆಯಲ್ಲಿ ಗುರುತು ಹಾಕಿ ನೋಡಿದರು. ಎಲ್ಲವೂ ಜಿಂಜು ನೀರು ಹಾಯುವ ಗದ್ದೆಗಳ ಆಸುಪಾಸು. ಹೊಳೆಯ ಮೇಲ್ಗಡೆ ಮಿತ್ಸುಯಿ ಕಂಪನಿಯ ಕಾಮಿಯೊಕಾ ಗಣಿ ಇತ್ತು. ಅಲ್ಲಿನ ಸತುವಿನ ಅದಿರಿನೊಂದಿಗೆ ಬರುವ ಕ್ಯಾಡ್ಮಿಯಂ ಎಂಬ ವಿಷಲೋಹ ಹೊಳೆಗೆ, ಗದ್ದೆಗೆ, ಅಲ್ಲಿಂದ ಅನ್ನಕ್ಕೆ ಇಳಿದಿತ್ತು. 1961ರಲ್ಲಿ ಅವರು ಇದನ್ನು ಮುಂದಿಟ್ಟರು. ಸರ್ಕಾರ ಒಪ್ಪಿದ್ದು 1968ರಲ್ಲಿ.

ಎಲ್ಲರೂ ಮೂಳೆ ನೋಡಿದರು. ಆದರೆ ಮೊದಲು ಹಾಳಾಗಿದ್ದು ಕಿಡ್ನಿ. ಊಟದಲ್ಲಿ ಬಂದ ಕ್ಯಾಡ್ಮಿಯಂ ಒಂದು ಪ್ರೋಟೀನಿಗೆ ಅಂಟಿಕೊಂಡು ಕಿಡ್ನಿ ಸೇರುತ್ತದೆ. ಸೋಸಿದ ನೀರಿನಿಂದ ದೇಹಕ್ಕೆ ಬೇಕಾದ್ದನ್ನು ಹೆಕ್ಕಿಕೊಳ್ಳುವ ಸಣ್ಣ ನಾಳಗಳು ಈ ವಿಷವನ್ನೂ ಹೆಕ್ಕಿಕೊಳ್ಳುತ್ತವೆ. ಸೇರಿದ್ದರಲ್ಲಿ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ನಾಳ ಸೋತಾಗ ಪ್ರೋಟೀನು, ರಂಜಕ, ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿ, ಮೂಳೆ ಮೆತ್ತಗಾಗುತ್ತದೆ. ಹಲವು ಹೆರಿಗೆ ಕಂಡು ಮುಟ್ಟು ನಿಂತವರಿಗೆ ಹೊಡೆತ ಹೆಚ್ಚು.

ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 1972ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ರೋಗಿಗಳೇ ಗೆದ್ದರು. ಕಿಡ್ನಿ ಮಾತ್ರ ಕೆಟ್ಟು ಮೂಳೆ ಉಳಿದವರಿಗೆ ಆಗ ಏನೂ ದಕ್ಕಲಿಲ್ಲ. ಕಂಪನಿ ಅವರಿಗೆ ತಲಾ 6 ಲಕ್ಷ ಯೆನ್ ಕೊಡಲು ಒಪ್ಪಿದ್ದು 2013ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಅಜ್ಜಿಯರು ಹೋಗಿಬಿಟ್ಟಿದ್ದರೋ. ಈ ತಡವನ್ನು ನನಗೆ ಇಂದಿಗೂ ಒಪ್ಪಿಕೊಳ್ಳಲಾಗುತ್ತಿಲ್ಲ.

ಕಿಡ್ನಿಯಲ್ಲಿ ಕೂತ ಕ್ಯಾಡ್ಮಿಯಂ ತೆಗೆಯಲು ನಂಬಿಕಸ್ಥ ಔಷಧಿಯಿಲ್ಲ. ಹಾಗಾಗಿ ಕಾಪಾಡುವ ಕೆಲಸ ಗದ್ದೆಯಲ್ಲೇ ನಡೆಯಿತು. ವಿಷ ಹಿಡಿದ ಮೇಲ್ಮಣ್ಣನ್ನು ಆಳಕ್ಕೆ ಹೂತು ಮೇಲೆ ಹೊಸ ಮಣ್ಣು ಹರಡಿದರು. 800ಕ್ಕೂ ಹೆಚ್ಚು ಹೆಕ್ಟೇರಿನ ಈ ಕೆಲಸ ಮುಗಿದದ್ದು 2012ರಲ್ಲಿ. ಜಪಾನಿನ ಬೇರೆಡೆ ಇನ್ನೊಂದು ಉಪಾಯವೂ ಬಳಕೆಯಲ್ಲಿದೆ: ತೆನೆ ಹೊರಡುವ ಮುಂಚೆ-ನಂತರದ ವಾರಗಳಲ್ಲಿ ಗದ್ದೆಯಲ್ಲಿ ನೀರು ಆರದಂತೆ ನಿಲ್ಲಿಸುವುದು. ಗಾಳಿಯಾಡದ ಕೆಸರಿನಲ್ಲಿ ಕ್ಯಾಡ್ಮಿಯಂ ಗಂಧಕದೊಡನೆ ಗಟ್ಟಿಯಾಗಿ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಬತ್ತ ಬೆಳೆಯುವ ನಮ್ಮವರಿಗೂ ಇದು ತಕ್ಷಣ ಅರ್ಥವಾಗುವ ಮಾತು.

ಕಾಮಿಯೊಕಾದಲ್ಲಿ ಅದಿರು ಅಗೆಯುವುದು 2001ರಲ್ಲೇ ನಿಂತಿದೆ. ಆದರೂ 1972ರಲ್ಲಿ ಕಂಪನಿಯೊಂದಿಗೆ ಆದ ಒಪ್ಪಂದದ ಹಕ್ಕಿನಿಂದ ದಂಡೆಯ ಊರವರು ತಜ್ಞರನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಹೊಳೆಗೆ ಬಿಡುವ ನೀರನ್ನು ತಾವೇ ಪರೀಕ್ಷಿಸುತ್ತ ಬಂದಿದ್ದಾರೆ.