ಹಾಡಿನಲ್ಲಿ ಪದ ಎಣಿಸುವುದನ್ನು ಬಿಡಿ

ಹಾಡಿನ ತಕರಾರು ಹಿಡಿದು ನನ್ನ ಆಫೀಸಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಹಾಳೆ ಇರುತ್ತವೆ. ಒಂದರಲ್ಲಿ ಅವರ ಹಾಡು, ಇನ್ನೊಂದರಲ್ಲಿ ಈಚೆಗೆ ಬಂದ ಸಿನಿಮಾ ಹಾಡು. ಎರಡರ ಮೇಲೂ ಹಳದಿ ಹೈಲೈಟರ್ ಎಳೆದಿರುತ್ತಾರೆ. ‘ಸಾರ್, ಹದಿನಾರು ಪದ ಸೇಮ್ ಇದೆ. ನೋಟಿಸ್ ಕಳಿಸಿಬಿಡೋಣ.’ ಹಳದಿ ಬಳಿದ ಪದಗಳನ್ನು ಓದುತ್ತೇನೆ. ಮಳೆ, ಮನಸು, ಕನಸು, ಉಸಿರು, ಹೆಸರು, ಒಲವು. ಕನ್ನಡದಲ್ಲಿ ಪ್ರೇಮಗೀತೆ ಬರೆಯಲು ಕೂತವರೆಲ್ಲರಿಗೂ ಬೇಕಾಗುವ ಪದಗಳು ಇವು. ಇವನ್ನು ಯಾರೂ ತಮ್ಮ ಹೆಸರಿಗೆ ಬರೆಸಿಕೊಳ್ಳಲು ಆಗುವುದಿಲ್ಲ.

ಇದರ ಉಲ್ಟಾ ಪ್ರಶ್ನೆ ತರುವವರೂ ಇದ್ದಾರೆ. ಹಾಡು ರಿಲೀಸ್ ಆಗುವ ಮುಂಚೆ ಬರುತ್ತಾರೆ. ‘ಎಷ್ಟು ಪದ ಚೇಂಜ್ ಮಾಡಿದ್ರೆ ಸೇಫ್?’ ಯಾರೋ ಅವರಿಗೆ ನಾಲ್ಕು ಪದದ ತನಕ ಪರವಾಗಿಲ್ಲ ಅಂದಿರುತ್ತಾರೆ. ಇನ್ಯಾರೋ ಶೇಕಡಾ 30 ಬದಲಾದರೆ ಸಾಕು ಅಂದಿರುತ್ತಾರೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ ಹಾಕಿದರೂ ಇಂಥ ಲೆಕ್ಕ ಸಿಗುವುದಿಲ್ಲ. ಇಲ್ಲದ ಲೆಕ್ಕ ನಂಬಿ ಒಬ್ಬರು ಸುಮ್ನೆ ಕೋರ್ಟಿಗೆ ಹೋಗಲು ಹೊರಡುತ್ತಾರೆ, ಇನ್ನೊಬ್ಬರು ಧೈರ್ಯವಾಗಿ ನಕಲು ಮಾಡುತ್ತಾರೆ.

ಕಾಯ್ದೆ ಕೇಳುವ ಪ್ರಶ್ನೆಯೇ ಬೇರೆ. ಕೃತಿಯ ಗಣನೀಯ ಭಾಗವನ್ನು ತೆಗೆದುಕೊಂಡಿದ್ದಾರಾ? ಇಲ್ಲಿ ಗಣನೀಯ ಅಂದರೆ ಜಾಸ್ತಿ ಪದ ಅಂತ ಅರ್ಥವಲ್ಲ. ಆ ಹಾಡಿನಲ್ಲಿ ಬರೆದವರ ಸ್ವಂತದ್ದು ಯಾವುದಿದೆಯೋ, ಅದರ ಮುಖ್ಯ ಭಾಗ. ಅದು ಎರಡೇ ಸಾಲಿನಲ್ಲಿ ಇರಬಹುದು. ಇಪ್ಪತ್ತು ಸಾಲು ಒಂದೇ ಥರ ಇದ್ದರೂ ಅದರಲ್ಲಿ ಯಾರ ಸ್ವಂತದ್ದೂ ಇಲ್ಲದೇ ಇರಬಹುದು.

ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, ‘ಆದ್ರೂ ಸಾರ್, ಹದಿನಾರು ಪದ’ ಎಂದು ಮತ್ತೆ ಅಲ್ಲಿಗೇ ಬರುತ್ತಾರೆ. ಹಾಗಾಗಿ ಬಿಡಿಸಿ ತೋರಿಸುತ್ತೇನೆ. ಕಕ್ಷಿದಾರರ ಸಾಲುಗಳನ್ನು ಇಲ್ಲಿ ಹಾಕುವಂತಿಲ್ಲ. ಉದಾಹರಣೆಗೆಂದು ನಾನೇ ಕೆಲವು ಸಾಲು ಕಟ್ಟಿದ್ದೇನೆ.

ಮೊದಲ ಜೋಡಿ. ಒಬ್ಬರು ಬರೆದದ್ದು: ‘ಮಳೆ ಬಂತು ಮನಸಿಗೆ, ನಿನ್ನ ಹೆಸರೇ ಉಸಿರಿಗೆ, ಕನಸಲ್ಲೂ ನೀನೇ ಕಣೇ.’ ಇನ್ನೊಬ್ಬರು ಬರೆದದ್ದು: ‘ಮನಸೆಲ್ಲ ಮಳೆಯಾಗಿ, ಉಸಿರೆಲ್ಲ ಹೆಸರಾಗಿ, ಕನಸಿಗೆ ನೀ ಬಂದೆಯಾ.’ ಹೈಲೈಟರ್ ಹಿಡಿದರೆ ಎರಡೂ ಸಾಲು ಪೂರ್ತಿ ಹಳದಿ. ಮಳೆ, ಮನಸು, ಹೆಸರು, ಉಸಿರು, ಕನಸು, ನೀನು, ಎಲ್ಲವೂ ಎರಡರಲ್ಲೂ ಇವೆ. ಆದರೂ ಈ ಕೇಸು ನಿಲ್ಲುವುದು ತುಂಬಾ ಕಷ್ಟ. ಪ್ರೇಮ ಬಂದಾಗ ಮಳೆ ಬರುವುದು, ಉಸಿರಿನಲ್ಲಿ ಹೆಸರಿರುವುದು ಎಲ್ಲರ ಸ್ವತ್ತು. ಆ ಪದಗಳನ್ನು ಜೋಡಿಸಿದ ರೀತಿ ಇಬ್ಬರದೂ ಬೇರೆ.

ಎರಡನೇ ಜೋಡಿ. ಒಬ್ಬರು ಬರೆದದ್ದು: ‘ನಿನ್ನ ಸೈಕಲ್ಲಿನ ಚೈನು ಜಾರಿದಲ್ಲಿಗೆ ನನ್ನೂರು ಮುಗೀತು, ಕೈಗಂಟಿದ ಮಸಿಯಲ್ಲೇ ವಿಳಾಸ ಬರಕೊಂಡೆ.’ ಇನ್ನೊಬ್ಬರು ಬರೆದದ್ದು: ‘ಅವಳ ಸ್ಕೂಟಿ ಕೆಟ್ಟು ನಿಂತಲ್ಲೇ ಈ ಬೀದಿ ಕೊನೆಯಾಯ್ತು, ಬೆರಳಿನ ಗ್ರೀಸಲ್ಲಿ ನಂಬರು ಗೀಚಿದೆ.’ ಒಂದು ಪದವೂ ಸೇಮ್ ಇಲ್ಲ. ಆದರೆ ಗಾಡಿ ಕೆಡುವುದು, ಅಲ್ಲಿಗೇ ಊರು ಮುಗಿಯುವುದು, ಕೈಯ ಕೊಳೆಯಿಂದಲೇ ವಿಳಾಸ ಬರೆದುಕೊಳ್ಳುವುದು, ಈ ಮೂರೂ ಅದೇ ಕ್ರಮದಲ್ಲಿ ಬಂದಿವೆ. ಇಬ್ಬರಿಗೆ ಬೇರೆ ಬೇರೆಯಾಗಿ ಹೊಳೆಯುವ ಸಂಗತಿ ಇದಲ್ಲ. ಈ ಎರಡೇ ಸಾಲು ಇಟ್ಟುಕೊಂಡು ಕೇಸ್ ಗೆಲ್ಲಬಹುದು ಅಂತ ನಾನು ಭರವಸೆ ಕೊಡುವುದಿಲ್ಲ. ಪಲ್ಲವಿ, ಚರಣಗಳೂ ಹೀಗೇ ಒಂದರ ಬೆನ್ನಿಗೆ ಒಂದು ಹೊಂದುತ್ತಾ ಹೋದರೆ ಮಾತ್ರ ಎದುರು ಪಕ್ಷದ ವಕೀಲರಿಗೆ ಕೆಲಸ ಜಾಸ್ತಿ ಆಗುತ್ತದೆ. ಪದ ಬದಲಿಸಿದ್ದರಿಂದ ಅವರಿಗೆ ಹೆಚ್ಚೇನೂ ಲಾಭವಾಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಆಧಾರವಾಗಿ ಇಟ್ಟುಕೊಂಡಿರುವುದು 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು. ತಮ್ಮ ನಾಟಕವನ್ನೇ ಸಿನಿಮಾ ಮಾಡಿದ್ದಾರೆ ಎಂದು ನಾಟಕಕಾರರು ಹೂಡಿದ್ದ ದಾವೆ ಅದು. ವಿಷಯಕ್ಕೆ, ಕಲ್ಪನೆಗೆ, ಕಥೆಯ ಎಳೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಕೋರ್ಟ್ ಹೇಳಿತು. ಎರಡನ್ನೂ ಓದಿದ, ನೋಡಿದ ಮನುಷ್ಯನಿಗೆ ಎರಡನೆಯದು ಮೊದಲನೆಯದರ ನಕಲೇ ಎಂದು ಅನುಮಾನವಿಲ್ಲದೆ ಅನಿಸಬೇಕು ಎಂದೂ ಹೇಳಿತು. ನಾಟಕಕಾರರು ಸೋತರು. ಎರಡೂ ಕೃತಿಗಳಲ್ಲಿ ಪ್ರಾಂತೀಯ ಭಾವನೆಯೇ ವಸ್ತುವಾಗಿತ್ತು. ಹೇಳಿದ ರೀತಿ ಬೇರೆ ಎಂದು ಕೋರ್ಟಿಗೆ ಕಂಡಿತು.

ಹಾಡಿನಲ್ಲಿ ಈ ಪರೀಕ್ಷೆ ಇನ್ನಷ್ಟು ಸೂಕ್ಷ್ಮ. ನಮ್ಮಲ್ಲಿ ಸಿನಿಮಾ ಹಾಡು ಹುಟ್ಟುವ ಕ್ರಮ ನೋಡಿ. ಬಹಳ ಸಲ ಟ್ಯೂನ್ ಮೊದಲು ಬರುತ್ತದೆ. ಸಂಗೀತ ನಿರ್ದೇಶಕರು ತಾನನಾ ಎಂದು ಹಾಡಿ ಕಳಿಸುತ್ತಾರೆ. ಆ ಅಳತೆಗೆ ಪದ ಕೂರಿಸಬೇಕು. ಮೂರು ಮಾತ್ರೆಯ ಜಾಗಕ್ಕೆ ‘ಮನಸು’ ಕೂತರೆ ಮುಂದಿನ ಸಾಲಿನ ಪ್ರಾಸಕ್ಕೆ ‘ಕನಸು’ ತಾನಾಗಿಯೇ ಬರುತ್ತದೆ. ‘ಪ್ರೀತಿ’ಗೆ ‘ರೀತಿ’, ‘ಜೀವ’ಕ್ಕೆ ‘ಭಾವ’. ನಿರ್ದೇಶಕರಿಗೆ ಬೆಳಿಗ್ಗೆಯೊಳಗೆ ಹಾಡು ಬೇಕು. ಒತ್ತಡದಲ್ಲಿ ಬರೆದ ಇಬ್ಬರು ಕವಿಗಳ ಸಾಲು ಹೊಂದಿದರೆ ಅದು ಕಳ್ಳತನವೇ ಆಗಬೇಕಿಲ್ಲ. ಒಬ್ಬರದನ್ನು ಒಬ್ಬರು ನೋಡದೆ ಸ್ವತಂತ್ರವಾಗಿ ಬರೆದಿದ್ದರೆ, ಹಾಡು ಎಷ್ಟೇ ಹೋಲಲಿ, ಅದು ಉಲ್ಲಂಘನೆ ಆಗುವುದಿಲ್ಲ.

ಹಾಗಾದರೆ ನೋಡಿದ್ದಾರೆ ಅಂತ ತೋರಿಸುವುದು ಹೇಗೆ? ನಿಮ್ಮ ಹಾಡು ಅವರ ಕೈಗೆ, ಕಿವಿಗೆ ತಲುಪುವ ದಾರಿ ಇತ್ತಾ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಸ್ಟುಡಿಯೋಗೆ ಕಳಿಸಿದ ಇಮೇಲ್, ಸಹ ನಿರ್ದೇಶಕರಿಗೆ ಹಾಕಿದ ವಾಟ್ಸ್ಆ್ಯಪ್, ಅವರೂ ಕೂತಿದ್ದ ಕವಿಗೋಷ್ಠಿ. ಇದ್ಯಾವುದೂ ಇಲ್ಲದೆ ‘ನಾನು ಯೂಟ್ಯೂಬಿನಲ್ಲಿ ಹಾಕಿದ್ದೆ’ ಅಂದರೆ ವಾದ ಸೊರಗುತ್ತದೆ. ಯಾರೂ ನೋಡದ ವಿಡಿಯೋವನ್ನು ಅವರು ನೋಡಿದ್ದಾರೆ ಅಂತ ನಂಬಿಸುವುದು ಸುಲಭವಲ್ಲ.

ಕೆಲವೊಮ್ಮೆ ತಪ್ಪುಗಳೇ ದಾರಿ ತೋರಿಸುತ್ತವೆ. ಕಾವೇರಿಯ ಮೇಲೆ ಹಾಡು ಕಟ್ಟಿದ್ದ ಒಬ್ಬ ಅಮ್ಮ ನನ್ನ ಹತ್ತಿರ ಬಂದಿದ್ದರು. ನಿವೃತ್ತ ಟೀಚರ್. ಹೊಳೆ ಹರಿಯುವ ದಾರಿಯ ಊರುಗಳನ್ನೆಲ್ಲ ಹಾಡಿನಲ್ಲಿ ಹೆಣೆದಿದ್ದರು. ತಲಕಾವೇರಿ, ಭಾಗಮಂಡಲ, ಕುಶಾಲನಗರ. ಆಮೇಲೆ ತಲಕಾಡು, ಅದಾದ ಮೇಲೆ ಶ್ರೀರಂಗಪಟ್ಟಣ! ಹೊಳೆ ಶ್ರೀರಂಗಪಟ್ಟಣ ದಾಟಿ ತಲಕಾಡಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರಾಸಕ್ಕೋಸ್ಕರ ಹಿಂದುಮುಂದು ಮಾಡಿದ್ದರು. ಅವರ ತಕರಾರು ಇದ್ದದ್ದು ಒಂದು ಭಕ್ತಿಗೀತೆ ಆಲ್ಬಂನಲ್ಲಿ ಬಂದ ಹಾಡಿನ ಮೇಲೆ. ಅದರಲ್ಲಿ ಮುಕ್ಕಾಲು ಪದ ಬೇರೆ ಇದ್ದವು. ಪ್ರಾಸವೂ ಬೇರೆ. ಹಾಗಾಗಿ ಅಲ್ಲಿ ಊರು ಅದಲುಬದಲು ಮಾಡುವ ಕಾರಣವೇ ಇರಲಿಲ್ಲ. ಆದರೂ ಹೊಳೆ ತಲಕಾಡಿನಿಂದ ಶ್ರೀರಂಗಪಟ್ಟಣಕ್ಕೆ ಹರಿದಿತ್ತು. ಎದುರಿನವರು ಮೊದಲು ‘ಅದು ಜನಪದ’ ಎಂದರು. ನಾವು ಆ ಒಂದು ಸಾಲನ್ನು ಮುಂದಿಟ್ಟೆವು. ಮಾತುಕತೆಯಲ್ಲೇ ಮುಗಿಯಿತು. ಆ ಅಮ್ಮ ದುಡ್ಡಿಗಿಂತ ಮೊದಲು ತಮ್ಮ ಹೆಸರು ಹಾಕಬೇಕು ಎಂದು ಕೇಳಿದರು. ಹಾಗೆ ಕೇಳುವ ಹಕ್ಕು ಅವರಿಗಿದೆ. ಕಾಯ್ದೆಯ 57ನೇ ಕಲಂ ಅದನ್ನು ಕೊಡುತ್ತದೆ, ಹಾಡಿನ ಹಕ್ಕನ್ನು ಮಾರಿದ ಮೇಲೂ ಅದು ಬರೆದವರ ಹತ್ತಿರವೇ ಉಳಿಯುತ್ತದೆ.

ಜನಪದ ಅಂದೆನಲ್ಲ, ಅಲ್ಲೂ ಗೊಂದಲ ಇದೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಎಲ್ಲರಿಗೂ ಮುಕ್ತ. ಶರೀಫರು ತೀರಿಕೊಂಡದ್ದು 1889ರಲ್ಲಿ. ಆದರೆ ಆ ಪದಗಳಿಗೆ ಸಿ. ಅಶ್ವಥ್ ಹಾಕಿದ ರಾಗ, ಕ್ಯಾಸೆಟ್ ಕಂಪನಿ ಮಾಡಿದ ರೆಕಾರ್ಡಿಂಗ್ ಮುಕ್ತವಲ್ಲ. ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕು. 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ಹಾಡಿನ ಮೇಲೆ ತಕರಾರು ಬಂದದ್ದು ಸಂಗೀತದ ಬಗ್ಗೆ. ಅದಕ್ಕೇ ಸಿನಿಮಾ ಓಟಿಟಿಗೆ ಬಂದಾಗ ಸಾಹಿತ್ಯ ಹಾಗೇ ಉಳಿದು ರಾಗ ಬದಲಾಗಿತ್ತು. ಇನ್ನು ಕವಿ ತೀರಿಕೊಂಡ ಮುಂದಿನ ವರ್ಷದ ಶುರುವಿನಿಂದ 60 ವರ್ಷ ಸಾಹಿತ್ಯದ ಹಕ್ಕು ಇರುತ್ತದೆ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು 2024ರಿಂದ ಮುಕ್ತ. ಬೇಂದ್ರೆ 1981ರಲ್ಲಿ ಹೋದವರು. ಅವರ ಸಾಲು ಬೇಕಿದ್ದರೆ 2041 ಮುಗಿಯುವ ತನಕ ಹಕ್ಕುದಾರರನ್ನು ಕೇಳಲೇಬೇಕು. ‘ಎಲ್ಲರಿಗೂ ಬಾಯಿಪಾಠ ಇರೋ ಸಾಲು ತಾನೇ’ ಎನ್ನುವ ಸಬೂಬು ಕೋರ್ಟಿನಲ್ಲಿ ನಡೆಯುವುದಿಲ್ಲ.

ಒಂದೇ ಒಂದು ಸಾಲು ತೆಗೆದುಕೊಂಡರೆ? ಇದಕ್ಕೆ ನಾನು ಹೌದು, ಇಲ್ಲ ಎಂದು ಉತ್ತರ ಕೊಡುವುದಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟ್, ಇಂಡಿಯಾ ಟಿವಿ ಮತ್ತು ಯಶ್ ರಾಜ್ ಫಿಲ್ಮ್ಸ್ ಪ್ರಕರಣದಲ್ಲಿ, ತೀರಾ ಚಿಕ್ಕ ಬಳಕೆಯನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂಬ ತತ್ವವನ್ನು ಕೃತಿಸ್ವಾಮ್ಯಕ್ಕೂ ಅನ್ವಯಿಸಿತು. ಆದರೆ ಬಳಕೆಯ ಉದ್ದೇಶ, ಅದರಿಂದಾಗುವ ಹಾನಿ ಇವೆಲ್ಲವನ್ನೂ ತೂಗಿಯೇ ಹಾಗೆ ಹೇಳಿತು. ಇದನ್ನು ‘ಒಂದು ಸಾಲು ಫ್ರೀ’ ಅಂತ ಓದಿಕೊಳ್ಳಬೇಡಿ. ಅಮೆರಿಕದಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಮೇಲೆ 2017ರಲ್ಲಿ ಇಬ್ಬರು ಗೀತರಚನಕಾರರು ದಾವೆ ಹಾಕಿದರು. ತಕರಾರು ಇದ್ದದ್ದು, ಆಡುವವರು ಆಡಿಯೇ ಆಡುತ್ತಾರೆ, ದ್ವೇಷಿಸುವವರು ದ್ವೇಷಿಸಿಯೇ ದ್ವೇಷಿಸುತ್ತಾರೆ ಎಂಬ ಅರ್ಥದ ಪುಟ್ಟ ಮಾತುಗಳ ಬಗ್ಗೆ. ಸ್ವಂತಿಕೆ ಸಾಲದು ಎಂದು 2018ರಲ್ಲಿ ನ್ಯಾಯಾಧೀಶರು ದಾವೆ ವಜಾ ಮಾಡಿದರು. 2019ರಲ್ಲಿ ಮೇಲ್ಮನವಿ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಕೊನೆಗೆ 2022ರ ಡಿಸೆಂಬರಿನಲ್ಲಿ ವಿಚಾರಣೆ ಶುರುವಾಗುವ ಮುಂಚೆಯೇ ಎರಡೂ ಕಡೆಯವರು ಒಪ್ಪಿಕೊಂಡು ಮುಗಿಸಿದರು. ಐದು ವರ್ಷ! ಅಷ್ಟು ವರ್ಷ ವಕೀಲರ ಫೀಸು ಕಟ್ಟುವ ಶಕ್ತಿ ನಮ್ಮ ಗಾಂಧಿನಗರದ ಎಷ್ಟು ಗೀತರಚನಕಾರರಿಗಿದೆ?

ಅದಕ್ಕೇ ನನಗೆ ಸಿಟ್ಟು ಬರುವುದು. ಪದ ಎಣಿಸುವುದರಲ್ಲಿ ಕಳೆಯುವ ಹೊತ್ತನ್ನು ದಾಖಲೆ ಇಟ್ಟುಕೊಳ್ಳಲು ಕೊಡಿ ಅಂತ ಹುಡುಗರಿಗೆ ಬೇಡಿಕೊಳ್ಳುತ್ತೇನೆ. ಬರೆದ ದಿನವೇ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ತಿದ್ದಿದ ಡ್ರಾಫ್ಟ್ ಬಿಸಾಡಬೇಡಿ. ಸ್ವತಂತ್ರವಾಗಿ ಬರೆದಿದ್ದೀರಿ ಅಂತ ನಾಳೆ ತೋರಿಸಬೇಕಾಗಿ ಬಂದರೆ ಹೊಡೆದು ಹಾಕಿದ ಸಾಲುಗಳೇ ದೊಡ್ಡ ಆಸರೆ. ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ಬರುತ್ತದೆ. ಆದರೂ ಹಾಡನ್ನು ಬೇರೆಯವರಿಗೆ ಕೇಳಿಸುವ ಮುಂಚೆ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿದರೆ ಒಳ್ಳೆಯದು, ಮೇಲ್ನೋಟದ ಸಾಕ್ಷಿಯಾಗಿ ಕೋರ್ಟ್ ಅದನ್ನು ಒಪ್ಪುತ್ತದೆ. ವಾಟ್ಸ್ಆ್ಯಪಿನಲ್ಲಿ ಹಾಡು ಕಳಿಸಿದ್ದರೆ ಆ ಫೋನ್ ಜೋಪಾನ. ಸ್ಕ್ರೀನ್‌ಶಾಟ್ ಮಾತ್ರ ಹಿಡಿದು ಬಂದವರನ್ನು ನೋಡಿದಾಗ ಸಂಕಟವಾಗುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನಲ್ಲಿ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಮೂಲ ಸಾಧನ ಕೈಯಲ್ಲಿದ್ದರೆ ಕೆಲಸ ಹಗುರ.

ಹಾಡು ಕೇಳಿದ ರಾತ್ರಿಯೇ ಫೇಸ್‌ಬುಕ್ಕಿನಲ್ಲಿ ‘ಕಳ್ಳ’ ಎಂದು ಬರೆಯುವ ಚಾಳಿಯೂ ಬೇಡ. ಆ ಪೋಸ್ಟ್ ಹಿಡಿದು ಅವರು ಮಾನನಷ್ಟಕ್ಕೆ ಹೋಗಬಹುದು. ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕಿದರೆ, ಬೆದರಿಕೆ ಹಾಕಿದವರ ಮೇಲೆಯೇ ದಾವೆ ಹೂಡಲು ಕಾಯ್ದೆಯ 60ನೇ ಕಲಂ ದಾರಿ ಕೊಡುತ್ತದೆ. ಹಾಗಂತ ಸುಮ್ಮನೆ ಕೂರಬೇಡಿ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ, ತಡ ಮಾಡಿದಷ್ಟೂ ತಡೆಯಾಜ್ಞೆ ಸಿಗುವುದು ಕಷ್ಟ. ಎರಡೂ ಹಾಡನ್ನು ಹೈಲೈಟರ್ ಇಲ್ಲದೆ ಖಾಲಿ ಹಾಳೆಯಲ್ಲಿ ತನ್ನಿ. ಜೊತೆಗೆ ನಿಮ್ಮ ಹಾಡು ಯಾವ ದಿನ, ಯಾರ ಕೈಗೆ ಹೋಯಿತು ಎಂಬ ಪಟ್ಟಿ ತನ್ನಿ. ನಾವು ಮೊದಲು ಓದುವುದು ಆ ಪಟ್ಟಿಯನ್ನೇ.