ಸಮುದ್ರ ಪಕ್ಕದಲ್ಲೇ ಇದೆ, ದುಡ್ಡು ಕೊಟ್ಟು ಉಪ್ಪು ಯಾಕೆ ತರ್ಬೇಕು?

ಪ್ರಶ್ನೆ: ಸಾರ್, ನಾವಿರೋದು ಮುಂಬೈಯ ಮಲಾಡ್‌ನಲ್ಲಿ, ಆಕ್ಸಾ ಬೀಚ್ ದೂರ ಇಲ್ಲ. ಮೊದಲ್ನೇ ಸಲ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಂ) ಇಡ್ತಿದೀನಿ. ಸಮುದ್ರದ ನೀರೇ ತಂದು ಹಾಕಿದ್ರೆ ಆಗಲ್ವಾ?

ನಾನೂ ಇದೇ ಲೆಕ್ಕ ಹಾಕಿದ್ದವನೇ. ಜುಲೈ ತಿಂಗಳು, ಭಾವನ ಸ್ಕೂಟರ್‌ನಲ್ಲಿ ಎರಡು ಕ್ಯಾನ್ ಇಟ್ಕೊಂಡು ಹೋಗಿ ತುಂಬಿಸ್ಕೊಂಡು ಬಂದೆ, ಬೆಳಿಗ್ಗೆ ಎದ್ದು ನೋಡಿದ್ರೆ ತಳದಲ್ಲಿ ಬೆರಳು ದಪ್ಪ ಕೆಸರು, ಮುಚ್ಚಳ ತೆಗೆದ್ರೆ ಗಟಾರದ ವಾಸನೆ, ಅಕ್ಕ ಅವತ್ತಿಡೀ ಮಾತಾಡ್ಸಿಲ್ಲ. ಪರಿಚಯದ ಅಂಗಡಿಯವನ ರಿಫ್ರ್ಯಾಕ್ಟೋಮೀಟರ್‌ನಲ್ಲಿ (ನೀರಲ್ಲಿ ಉಪ್ಪೆಷ್ಟಿದೆ ಅಂತ ಅಳೆಯೋ ಸಾಧನ) ಒಂದು ಹನಿ ಇಟ್ಟು ನೋಡಿದ್ರೆ ಸಾಂದ್ರತೆ, ಸಿಹಿನೀರಿಗೆ ಹೋಲಿಸಿದ್ರೆ, 1.018. ರೀಫ್‌ಗೆ ಬೇಕಾಗಿದ್ದು 1.025ರ ಆಸುಪಾಸು, ಅಂದ್ರೆ ಲೀಟರ್‌ಗೆ ಹೆಚ್ಚೂಕಮ್ಮಿ 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಖಾಡಿಗಳ (ಸಮುದ್ರ ಸೇರೋ ಹಿನ್ನೀರಿನ ಕಾಲುವೆಗಳ) ಸಿಹಿನೀರು, ಊರಿನ ಕೊಳಚೆ ಎಲ್ಲ ದಡಕ್ಕೇ ಬಂದು ಸೇರತ್ತೆ, ತಾಮ್ರ ಒಂಚೂರು ಇದ್ರೂ ಸೀಗಡಿ, ಹವಳ ತಡ್ಕೊಳಲ್ಲ.

ಹಾಜಿ ಅಲಿ ಹತ್ರ ಹವಳ ಬದುಕಿತ್ತಲ್ಲ, ಕೋಸ್ಟಲ್ ರೋಡ್‌ಗೋಸ್ಕರ 2020ರಲ್ಲಿ ಬೇರೆ ಕಡೆ ಸಾಗಿಸಿದ್ರಲ್ಲ ಅಂತ ಕೇಳ್ತೀರ. ಹೌದು, ಆದ್ರೆ ಅವು ಈ ರಾಡಿಗೇ ಒಗ್ಗಿಕೊಂಡಿರೋವು, ಅಲ್ಲಿ ದಿನಕ್ಕೆರಡು ಸಲ ಭರತಿ ಬಂದು ನೀರು ಬದಲಾಗತ್ತೆ, ನಿಮ್ಮ ಹಾಲ್‌ನಲ್ಲಿರೋ ಗಾಜಿನ ಡಬ್ಬಿಗೆ ಯಾವ ಭರತಿ ಬರತ್ತೆ? (ಬಂಡೆ ಮೇಲಿಂದ ಹವಳ ಕಿತ್ಕೊಂಡು ಬರೋ ಯೋಚನೇನೂ ಬೇಡ, ವನ್ಯಜೀವಿ ಕಾಯ್ದೆ ಕೆಳಗೆ ಕೇಸ್ ಬೀಳತ್ತೆ.)

ಅದಕ್ಕೇ ಉಪ್ಪುನೀರು ಮನೇಲೇ ಮಾಡ್ಕೊಳ್ಳಿ. ಆರ್‌ಓ ಡಿಐ ನೀರು (ಫಿಲ್ಟರ್ ಮಾಡಿ ಲವಣ ಎಲ್ಲ ತೆಗೆದಿರೋ ನೀರು) ತಗೊಳ್ಳಿ, ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣದ ಅಳತೆ, ಸೊನ್ನೆ ಇರ್ಲಿ. ನೂರು ಲೀಟರ್‌ಗೆ ನಾಲ್ಕು ಕೇಜಿ ಹತ್ರ ರೀಫ್ ಸಾಲ್ಟ್ (ರೀಫ್ ಟ್ಯಾಂಕ್‌ಗೇ ಅಂತ ಮಾರೋ ಉಪ್ಪು) ಹಿಡಿಯತ್ತೆ, ಅಡುಗೆ ಉಪ್ಪಲ್ಲ ಮತ್ತೆ. ಪವರ್‌ಹೆಡ್ (ನೀರೊಳಗಿಡೋ ಪುಟ್ಟ ಪಂಪ್) ಹಾಕಿ ರಾತ್ರಿಯಿಡೀ ತಿರುಗಿಸಿ ಆಮೇಲೆ ಅಳೀರಿ.

ಮುಂಬೈಯಲ್ಲಿ ಉಪ್ಪಿಗಿಂತ ದೊಡ್ಡ ತಲೆನೋವು ಸೆಖೆ. ನೀರು 25-26 ಡಿಗ್ರೀಲಿ ಇರ್ಬೇಕು, ಮೇ ತಿಂಗಳಲ್ಲಿ ನಮ್ಮ ಹಾಲೇ 32 ಇರತ್ತೆ. ನೀರು ತಣಿಸೋ ಚಿಲ್ಲರ್ ರೇಟ್ ಕೇಳಿ ಬೆಚ್ಚಿ ಫ್ಯಾನ್ ಹಾಕ್ತೀರ, ಫ್ಯಾನ್ ಹಾಕಿದ್ರೆ ನೀರು ಆವಿಯಾಗಿ ಇಳಿಯತ್ತೆ, ಆಗ ಉಪ್ಪುನೀರು ತುಂಬಿಸ್ಬೇಡಿ, ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಒಳಗೇ ಇರತ್ತೆ, ಅದಕ್ಕೇ ದಿನಾ ಬರೀ ಆರ್‌ಓ ನೀರು ಹಾಕಿ.

ಆಮೇಲೆ ಸೈಕಲ್, ಅಂದ್ರೆ ಮೀನಿಗೆ ವಿಷವಾಗೋ ಅಮೋನಿಯಾ, ನೈಟ್ರೈಟ್ ಕರಗಿಸೋ ಬ್ಯಾಕ್ಟೀರಿಯಾ ಟ್ಯಾಂಕಲ್ಲಿ ಬೆಳೆಯೋ ತನಕ ಕಾಯೋದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲೀತನಕ ಮೀನೂ ಇಲ್ಲ ಹವಳಾನೂ ಇಲ್ಲ, ಬರೀ ಕಲ್ಲು. ನಮ್ಮನೆಗೆ ಬಂದೋರೆಲ್ಲ ಗಾಜಿಗೆ ಮೂಗು ಒತ್ತಿ, ಮೀನೆಲ್ಲಿ ಅಂತ ಕೇಳೋರು.