ಕ್ಲೇರ್ ಕೊನೆಗೂ ಪ್ರಿಸಿಲ್ಲಾಳನ್ನು ಕೊಲ್ಲಲಿಲ್ಲ ಏಕೆ?

ಪ್ರಶ್ನೆ: ‘ಕ್ಲೇಮೋರ್’ ಎಂಬ ಜಪಾನಿ ಅನಿಮೆಯ (ಅನಿಮೇಷನ್ ಸರಣಿಯ) 26 ಕಂತನ್ನೂ ನಿದ್ದೆಗೆಟ್ಟು ನೋಡಿದೆ. ಪ್ರಿಸಿಲ್ಲಾ ಮೇಲಿನ ಸೇಡಿಗಾಗಿಯೇ ಬದುಕಿದ್ದ ನಾಯಕಿ ಕ್ಲೇರ್ ಕೊನೇ ಗಳಿಗೆಯಲ್ಲಿ ಕತ್ತಿ ಇಳಿಸಿಬಿಟ್ಟಳಲ್ಲ, ಇದೆಂಥ ಮುಕ್ತಾಯ?

ಉತ್ತರ: ಅದು ಅನಿಮೆಯ ಮುಕ್ತಾಯ, ಕಥೆಯದ್ದಲ್ಲ. ಮ್ಯಾಡ್‌ಹೌಸ್ ಸ್ಟುಡಿಯೊದ ಈ ಸರಣಿ 2007ರಲ್ಲಿ ಪ್ರಸಾರವಾದಾಗ ಅದಕ್ಕೆ ಮೂಲವಾದ ನೋರಿಹಿರೊ ಯಾಗಿ ಅವರ ಮಾಂಗಾ (ಜಪಾನಿ ಚಿತ್ರಕಥೆ) ಇನ್ನೂ ನಡುದಾರಿಯಲ್ಲಿತ್ತು. ಅದು ಮುಗಿದದ್ದು 2014ರಲ್ಲಿ, 27 ಸಂಪುಟಗಳಿಗೆ. ಕಥೆಯ ನಡುವೆ ಬರುವ ಉತ್ತರದ ಯುದ್ಧದವರೆಗೆ ಮೂಲದ ಬೆನ್ನು ಹಿಡಿದು ಬಂದ ಅನಿಮೆ, ಅಲ್ಲಿಂದ ಮುಂದೆ ತಾನೇ ಒಂದು ಕೊನೆ ಕಟ್ಟಿಕೊಳ್ಳಬೇಕಾಯಿತು.

ಆದರೆ ಕತ್ತಿ ಇಳಿಸಿದ್ದಕ್ಕೆ ಕಾರಣವೇ ಇಲ್ಲ ಎನ್ನಲಾಗದು. ಮನುಷ್ಯರನ್ನು ತಿನ್ನುವ ಯೋಮಾ ಎಂಬ ರಾಕ್ಷಸರ ಮಾಂಸವನ್ನು ಹುಡುಗಿಯರ ಮೈಯೊಳಗೆ ಸೇರಿಸಿ, ಆ ಯೋಮಾಗಳನ್ನೇ ಬೇಟೆಯಾಡುವ ಕ್ಲೇಮೋರ್ ಯೋಧೆಯರನ್ನು ತಯಾರಿಸುತ್ತಾರೆ. ಅವರು ಅರ್ಧ ಮನುಷ್ಯರು, ಅರ್ಧ ಯೋಮಾ. ಕ್ಲೇರ್ ಮಾತ್ರ ಬೇರೆ. ತನ್ನನ್ನು ಸಾಕಿದ, ಇಂಥದೇ ಯೋಧೆಯಾದ ತೆರೇಸಾಳನ್ನು ಪ್ರಿಸಿಲ್ಲಾ ಕೊಂದಾಗ, ಆ ಪುಟ್ಟ ಹುಡುಗಿ ತೆರೇಸಾಳ ರುಂಡವನ್ನು ಎದೆಗವಚಿಕೊಂಡು ಹೋಗಿ, ‘ಇವಳ ಮಾಂಸವನ್ನೇ ನನ್ನೊಳಗೆ ಇಡಿ’ ಎಂದು ಕೇಳಿದವಳು. ಹಾಗಾಗಿ ಅವಳಲ್ಲಿ ಯೋಮಾ ಇರುವುದು ಕಾಲು ಪಾಲು ಮಾತ್ರ. 47 ಯೋಧೆಯರಲ್ಲಿ ಅವಳದು ಕಡೆಯ ಸ್ಥಾನ. ಗೆಲ್ಲಬೇಕಾದರೆ ಒಳಗಿನ ಯೋಮಾ ಶಕ್ತಿಯನ್ನು ಎಬ್ಬಿಸಲೇಬೇಕು. ಶೇ. 10ಕ್ಕೆ ಕಣ್ಣಿನ ಬಣ್ಣ ಬದಲಾಗುತ್ತದೆ, ಶೇ. 30ಕ್ಕೆ ಮುಖ ವಿಕಾರವಾಗುತ್ತದೆ, ಶೇ. 80 ದಾಟಿದರೆ ಮರಳಿ ಮನುಷ್ಯಳಾಗುವ ಮಾತೇ ಇಲ್ಲ. ಒಮ್ಮೆ ಯೋಧೆಯೇ ಆಗಿದ್ದ ಪ್ರಿಸಿಲ್ಲಾ ರಾಕ್ಷಸಿಯಾದದ್ದೂ ಇದೇ ಗೆರೆ ದಾಟಿ. ಕ್ಲೇರ್‌ಳ ಮನೆಯವರಂತೆ ಅವಳ ಮನೆಯವರನ್ನು ತಿಂದದ್ದೂ ಯೋಮಾ. ಅಂದರೆ ಇಬ್ಬರೂ ಒಂದೇ ಗಾಯದಿಂದ ಹೊರಟವರು. ಅವಳನ್ನು ಕೊಲ್ಲಲು ಕ್ಲೇರ್ ಅವಳಂತೆಯೇ ಆಗಬೇಕಿತ್ತು.

ಇಷ್ಟರಮಟ್ಟಿಗೆ ಅನಿಮೆಯ ತರ್ಕ ಸರಿಯೇ. ನನ್ನ ತಕರಾರು ಬೇರೆ: ಆ ತೀರ್ಮಾನಕ್ಕೆ ಕ್ಲೇರ್ ತಾನಾಗಿ ಬರುವುದಿಲ್ಲ. ಅವಳ ಅಡುಗೆಯವನಾಗಿ ಸೇರಿದ್ದ ಹುಡುಗ ರಾಕಿ ಬಂದು ಅಂಗಲಾಚುತ್ತಾನೆ, ಅವಳು ನಿಲ್ಲುತ್ತಾಳೆ. (ಸರಣಿಯುದ್ದಕ್ಕೂ ಅಳುವುದೇ ಅವನ ಕಸುಬು, ಪಾಪ.) ಇಷ್ಟು ವರ್ಷ ಮೈಯೊಳಗೇ ಹೊತ್ತು ತಂದ ತೆರೇಸಾಳಿಗೆ ಆ ಗಳಿಗೆಯಲ್ಲಿ ಒಂದು ಮಾತೂ ಇಲ್ಲವೇ?

ಮಾಂಗಾ ಓದುವುದಾದರೆ ಅನಿಮೆ ನಿಂತಲ್ಲಿಂದ ಹಿಡಿಯಬೇಡಿ, ಎಳೆ ತಪ್ಪುತ್ತದೆ. 9ನೇ ಸಂಪುಟದಿಂದ ಶುರು ಮಾಡಿ. ಉತ್ತರದ ಯುದ್ಧದ ಬೆನ್ನಿಗೇ ಕಥೆ ಏಳು ವರ್ಷ ಮುಂದಕ್ಕೆ ಜಿಗಿಯುತ್ತದೆ. ಪ್ರಿಸಿಲ್ಲಾಳ ಗತಿ ಏನಾಗುತ್ತದೆಂದು ಹೇಳಿ ರುಚಿ ಕೆಡಿಸುವುದಿಲ್ಲ. ಕ್ಲೇರ್ ಅಂದು ಕೇಳಿ ಪಡೆದ ಆ ಮಾಂಸವನ್ನು ಯಾಗಿ ಮರೆತಿಲ್ಲ, ಅಷ್ಟು ಸಾಕು.